ಜಾತಿ ಲ್ಯಾಬ್ ಮರಿಯೋ, ಶೆಲ್ಟರಿನ ಕ್ರಾಸ್ ನಾಯಿಯೋ? (ಸುಂಟಿಕೊಪ್ಪ ಕಡೆ ತೋಟದ ಮನೆ)

ತೋಟದಮನೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಎಂಟು ಎಕರೆ ಕಾಫಿ ತೋಟ. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಹೆಂಡತಿ, ಆರು ವರ್ಷದ ಮಗಳು. ಹಳೇ ನಾಯಿ ಹೋಗಿ ಎಂಟು ತಿಂಗಳಾಯಿತು. ಇನ್ನೊಂದು ಬೇಕು ಅಂತ ಎಲ್ಲರಿಗೂ ಇದೆ, ಯಾವುದು ಅನ್ನೋದರಲ್ಲೇ ಜಗಳ.

ಅಪ್ಪನಿಗೆ ಜಾತಿ ನಾಯಿಯೇ ಆಗಬೇಕು. ಪರಿಚಯದವರ ಮೂಲಕ ಒಂದು ಲ್ಯಾಬ್ರಡಾರ್ ಮರಿ ನೋಡಿದ್ದಾರೆ. 18 ಸಾವಿರ ಹೇಳುತ್ತಿದ್ದಾರೆ, ವಂಶದ ಪೇಪರ್ ಬೇಕಾದರೆ ಇನ್ನೂ ಜಾಸ್ತಿ ಅಂತೆ. ಮರಿಗೆ ಈಗ 35 ದಿನ. "ಬೇಗ ಬನ್ನಿ, ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಟುಬಿಡ್ತೀವಿ" ಅಂತ ದಿನಾ ಫೋನು. ನನ್ನ ಹೆಂಡತಿ ಮೈಸೂರಿಗೆ ಹೋದಾಗ ಅಲ್ಲೊಂದು ಶೆಲ್ಟರಿನಲ್ಲಿ ಒಂದೂವರೆ ವರ್ಷದ ಹೆಣ್ಣು ನಾಯಿ ನೋಡಿ ಬಂದಿದ್ದಾಳೆ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿದೆ. ಏನು ಕ್ರಾಸ್ ಅಂತ ಅಲ್ಲಿಯವರಿಗೂ ಗೊತ್ತಿಲ್ಲ. ಅಪ್ಪ ಫೋಟೋ ನೋಡಿ, "ಬಿಟ್ಟಿ ಸಿಕ್ಕಿದ ನಾಯಿ ತೋಟ ಕಾಯುತ್ತಾ?" ಅಂದರು.

ನಮಗೆ ಬೇಕಾಗಿರುವುದು ಇಷ್ಟೇ. ಕರಿಮೆಣಸಿನ ಸಮಯದಲ್ಲಿ ಕಳ್ಳರ ಕಾಟ ಇದೆ, ಯಾರಾದರೂ ಬಂದರೆ ಬೊಗಳಬೇಕು. ಮಗಳ ಜೊತೆ ಚೆನ್ನಾಗಿರಬೇಕು. ನಮ್ಮ ಮಳೆಗಾಲ ತಡೆದುಕೊಳ್ಳಬೇಕು. ಅನುಭವ ಇರುವವರು ಹೇಳಿ.

ಗೋಣಿಕೊಪ್ಪ ಹುಡುಗ

35 ದಿನದ ಮರಿ ತರಲೇಬೇಡಿ ಅಣ್ಣ. 2017ರ ನಾಯಿ ಬ್ರೀಡಿಂಗ್ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗೇ ಇಲ್ಲ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಕೇಳಿ ನೋಡಿ, ಅರ್ಧ ಜನ ಫೋನ್ ಕಟ್ ಮಾಡುತ್ತಾರೆ.

ನಾನು ಅನುಭವಿಸಿದ್ದೇನೆ. ಮೂರು ವರ್ಷದ ಹಿಂದೆ 40 ದಿನದ ಮರಿ ತಂದೆ, ಕಾರ್ಡಿನಲ್ಲಿ ಇಂಜೆಕ್ಷನ್ ಸ್ಟಿಕ್ಕರ್ ಕೂಡ ಇತ್ತು. ನಾಲ್ಕನೇ ದಿನ ವಾಂತಿ, ಆಮೇಲೆ ರಕ್ತ ಭೇದಿ. ಪಾರ್ವೊ ವೈರಸ್ ಅಂದರು ಡಾಕ್ಟ್ರು. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಕೂತಿದ್ದೆ, ಉಳಿಯಲಿಲ್ಲ. ಮಾರಿದವನು "ನಮ್ಮಲ್ಲಿದ್ದಾಗ ಚೆನ್ನಾಗಿತ್ತು" ಅಂದ, ಅಷ್ಟೇ. ನಾನು ಲ್ಯಾಬ್ ಬೇಡ ಅಂತ ಹೇಳುತ್ತಿಲ್ಲ, ಆ ಫೋನು ಮಾಡುವವನ ಹತ್ತಿರ ಬೇಡ.

ಮೂರು ನಾಯಿ ಅಕ್ಕ

ನಾಪೋಕ್ಲು ಕಡೆಯವಳು ನಾನು. ಮನೆಯಲ್ಲಿರುವ ಮೂರರಲ್ಲಿ ಎರಡು ಶೆಲ್ಟರಿನಿಂದ ಬಂದವು, ಹಾಗಾಗಿ ಒಂದು ಸತ್ಯ ಹೇಳಿಬಿಡುತ್ತೇನೆ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಮೊದಲ ತಿಂಗಳು ಕಷ್ಟ. ನಮ್ಮ ರಾಣಿ ಬಂದ ದಿನ ಮಂಚದ ಕೆಳಗೆ ಹೋದವಳು ಎರಡು ದಿನ ಹೊರಗೆ ಬರಲಿಲ್ಲ, ಅನ್ನದ ತಟ್ಟೆಯನ್ನು ಕಾಲಿನಿಂದ ಒಳಗೆ ತಳ್ಳಬೇಕಿತ್ತು. ಮೂರನೇ ದಿನ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸ್ಟಾರ್ಟ್ ಮಾಡಿದೆವು ನೋಡಿ, ಆ ಸದ್ದಿಗೆ ಕತ್ತಿನ ಪಟ್ಟಿ ಕಳಚಿಕೊಂಡು ಓಡಿದಳು. ಮಾರನೇ ದಿನ ಸಂಜೆ ತೋಟದ ಕೆಲಸದವರ ಲೈನ್ ಮನೆಯ ಒಲೆಯ ಹಿಂದೆ ಸಿಕ್ಕಳು, ಅಲ್ಲಿನ ಮಕ್ಕಳು ಅವಳಿಗೆ ಒಣಮೀನು ಹಾಕಿ ಸಾಕಿಕೊಂಡಿದ್ದರು! ಈಗ ಅವಳು ಕಣದಲ್ಲಿ ಮಲಗಿದ್ದರೆ ಗುರುತಿಲ್ಲದ ಒಬ್ಬರೂ ಕಾಫಿ ಹತ್ತಿರ ಬರುವುದಿಲ್ಲ.

ದೊಡ್ಡ ನಾಯಿಯಲ್ಲಿ ಒಂದು ಲಾಭ ಇದೆ, ಅದರ ಸ್ವಭಾವ ಕಣ್ಣೆದುರೇ ಇರುತ್ತದೆ. ಮಗಳನ್ನು ಕರೆದುಕೊಂಡು ಹೋಗಿ, ಅರ್ಧ ಗಂಟೆ ಕೂರಿಸಿ ನೋಡಿ. ಮರಿಯಲ್ಲಿ ಅದು ಗೊತ್ತಾಗಲ್ಲ. ಇಂಜೆಕ್ಷನ್, ಸಂತಾನಹರಣ ಆಪರೇಷನ್ ಎರಡೂ ಆಗಿದೆಯಾ ಅಂತ ಕೇಳಿ ಕಾಗದ ಇಸ್ಕೊಳ್ಳಿ.

ಮಳೆಗಾಲದ ವಿಷಯಕ್ಕೆ ಬಂದರೆ, ಇಂಬಳಕ್ಕೂ ಉಣ್ಣೆಗೂ (ಟಿಕ್) ಜಾತಿ ಗೊತ್ತಿಲ್ಲ. ಸಂಜೆ ದಿನಾ ಕಿವಿಯೊಳಗೆ, ಬೆರಳು ಸಂದಿಯಲ್ಲಿ ಕೈ ಹಾಕಿ ನೋಡಬೇಕು. ಊಟ ಬಿಟ್ಟು ಮೂಲೆ ಹಿಡಿದರೆ ತುಟಿ ಎತ್ತಿ ವಸಡು ನೋಡಿ. ಬಿಳಿಚಿಕೊಂಡಿದ್ದರೆ ಟಿಕ್ ಫೀವರ್ ಇರಬಹುದು, ನಾಳೆ ನೋಡೋಣ ಅನ್ನದೆ ಅವತ್ತೇ ಪಶು ಆಸ್ಪತ್ರೆಗೆ ಓಡಿ.

ಸೋಮವಾರಪೇಟೆ ಶೆಫರ್ಡ್

ಜಾತಿ ನಾಯಿ ಸಾಕುವವರನ್ನೆಲ್ಲ ಕಳ್ಳರ ಹಾಗೆ ನೋಡಬೇಡಿ ಅಂತ ಒಂದು ಮಾತು. ನಾನು ಹದಿನೈದು ವರ್ಷದಿಂದ ಜರ್ಮನ್ ಶೆಫರ್ಡ್ ಸಾಕುತ್ತಿದ್ದೇನೆ. ಮರಿ ಎಷ್ಟು ಎತ್ತರ ಆಗುತ್ತದೆ, ಎಷ್ಟು ತಿನ್ನುತ್ತದೆ, ಎಷ್ಟು ಓಡಾಡಿಸಬೇಕು ಅಂತ ಮೊದಲೇ ಅಂದಾಜು ಸಿಗುತ್ತದೆ. ಅದೇನು ಸಣ್ಣ ವಿಷಯವಲ್ಲ. ಆದರೆ ತಾಯಿಯನ್ನು ನೋಡದೆ ಮರಿ ತರಬಾರದು. ಲ್ಯಾಬ್ ಆಗಲಿ ಶೆಫರ್ಡ್ ಆಗಲಿ, ಸೊಂಟದ ಕೀಲು ಸಡಿಲ ಇರುವ ತೊಂದರೆ ವಂಶದಲ್ಲೇ ಬರುತ್ತದೆ, ಅಪ್ಪ ಅಮ್ಮನ ಎಕ್ಸ್‌ರೇ ತೋರಿಸಿ ಅಂತ ಕೇಳಿ.

ಕ್ರಾಸ್ ಅಂದರೆ ಕಾಯಿಲೆಯೇ ಇಲ್ಲ ಅಂತ ನಂಬುವವರಿಗೆ ಇನ್ನೊಂದು. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ತಮ್ಮ ಆಸ್ಪತ್ರೆಗೆ ಬಂದ 27 ಸಾವಿರ ನಾಯಿಗಳ ದಾಖಲೆ ತೆಗೆದು 2013ರಲ್ಲಿ ಬರೆದಿದ್ದರು. ವಂಶದಿಂದ ಬರುವ 24 ತೊಂದರೆ ನೋಡಿದರೆ, ಅದರಲ್ಲಿ 10 ತೊಂದರೆಗಳು ಜಾತಿ ನಾಯಿಗಳಲ್ಲಿ ಜಾಸ್ತಿ, 13ರಲ್ಲಿ ವ್ಯತ್ಯಾಸವೇ ಇಲ್ಲ. ಮಂಡಿಯ ಲಿಗಮೆಂಟ್ ಹರಿಯುವ ತೊಂದರೆಯೊಂದು ಮಾತ್ರ ಕ್ರಾಸ್ ನಾಯಿಗಳಲ್ಲೇ ಜಾಸ್ತಿ. ಸೊಂಟದ ತೊಂದರೆ ಎರಡರಲ್ಲೂ ಒಂದೇ ಸಮ. ಅದನ್ನು ಓದಿ ನನಗೇ ಆಶ್ಚರ್ಯ ಆಗಿತ್ತು.

ಮತ್ತೆ, ತೋಟ ಕಾಯಲು ಲ್ಯಾಬ್ ಯಾಕೆ ಸ್ವಾಮಿ? ಕಳ್ಳ ಬಿಸ್ಕತ್ತು ತಂದರೆ ಅದೇ ಮೆಣಸಿನ ಚೀಲ ತೋರಿಸುತ್ತದೆ.

ಸಿದ್ದಾಪುರದವ

ಎಲ್ಲರೂ ಜಾತಿ ಬಗ್ಗೆ ಬರೆದಿರಿ. ನನ್ನದು ಒಂದೇ ಪ್ರಶ್ನೆ. ತೋಟದಮನೆಯವರೇ, ನಾಯಿ ರಾತ್ರಿ ಎಲ್ಲಿ ಮಲಗುತ್ತದೆ? ಹಳೇ ನಾಯಿ ಹೋಯಿತು ಅಂದಿರಿ, ಹೇಗೆ ಹೋಯಿತು?

ತೋಟದಮನೆ

ಬರೆಯಬೇಕಾ ಬೇಡ್ವಾ ಅಂತ ಯೋಚಿಸಿ ಬಿಟ್ಟಿದ್ದೆ. ಚಿರತೆ. ಜಗಲಿಯ ಕಂಬಕ್ಕೆ ಕಟ್ಟಿದ್ದೆವು. ರಾತ್ರಿ ಒಂದು ಸಲ ಬೊಗಳಿದ್ದು ಅಮ್ಮನಿಗೆ ಕೇಳಿಸಿತ್ತಂತೆ, ಹಂದಿ ಇರಬೇಕು ಅಂದುಕೊಂಡು ಮಲಗಿದರು. ಬೆಳಿಗ್ಗೆ ನೋಡಿದರೆ ಸರಪಳಿ ಮೆಟ್ಟಿಲ ಮೇಲೆ ನೇರವಾಗಿ ಬಿದ್ದಿತ್ತು, ತುದಿಯಲ್ಲಿ ಪಟ್ಟಿ ಮಾತ್ರ. ಬಕಲ್ ಹಾಕಿದ ಹಾಗೇ ಇತ್ತು. ಅಪ್ಪ ಆ ಪಟ್ಟಿಯನ್ನು ಇನ್ನೂ ಗೋದಾಮಿನ ಮೊಳೆಗೆ ನೇತುಹಾಕಿದ್ದಾರೆ.

ಸಿದ್ದಾಪುರದವ

ಅಂದುಕೊಂಡೆ. ನಮ್ಮದೂ ಎರಡು ಹೋಗಿವೆ. ಕಟ್ಟಿ ಹಾಕಿದ ನಾಯಿ ಚಿರತೆಗೆ ತಟ್ಟೆಯಲ್ಲಿಟ್ಟ ಊಟ, ಅದು 50 ಸಾವಿರದ ರಾಟ್‌ವೀಲರ್ ಆದರೂ ಅಷ್ಟೇ. ಮರಿಗೆ ಕೊಡುವ 18 ಸಾವಿರದಲ್ಲಿ ಗೋದಾಮಿನ ಪಕ್ಕ ಗೂಡು ಕಟ್ಟಿಸಿ. ಸಿಮೆಂಟ್ ನೆಲ, ದಪ್ಪ ವೆಲ್ಡ್ ಮೆಶ್ (ಕಂಬಿ ಜಾಲರಿ), ಮೇಲೂ ಮುಚ್ಚಿರಬೇಕು. ಬರೀ ಶೀಟ್ ಹೊದಿಸಿ ಬಿಟ್ಟರೆ ಸಾಲದು. ಮಲಗಲು ಹಲಗೆ ಹಾಕಿ, ಇಲ್ಲಾಂದ್ರೆ ಜುಲೈ ತಂಡಿಗೆ ಚರ್ಮ ಹಾಳಾಗುತ್ತದೆ. ಕತ್ತಲಾಗುವ ಮುಂಚೆ ಒಳಗೆ ಹಾಕಿ ಚಿಲಕ. ಒಳಗಿದ್ದುಕೊಂಡೇ ಬೊಗಳುತ್ತದೆ, ನಿಮಗೆ ಬೇಕಾಗಿರುವುದು ಅದೇ ಅಲ್ವಾ. ಗೂಡು ಆಗುವವರೆಗೆ ಯಾವ ನಾಯಿಯನ್ನೂ ತರಬೇಡಿ.

ಮೂರು ನಾಯಿ ಅಕ್ಕ

ಇದನ್ನು ನಾನು ಮೊದಲೇ ಹೇಳಬೇಕಿತ್ತು. ನಮ್ಮವು ಅಡುಗೆಮನೆಯಲ್ಲೇ ಮಲಗುವುದರಿಂದ ತಲೆಗೇ ಹೋಗಲಿಲ್ಲ.

ತೋಟದಮನೆ

ಎರಡು ವಾರ ಆಯಿತು, ಸುದ್ದಿ ಹೇಳೋಣ ಅಂತ. ಗೂಡಿನ ಕೆಲಸ ಮುಗಿಯಿತು, ಮೆಶ್ ಅಪ್ಪನೇ ಕುಶಾಲನಗರಕ್ಕೆ ಹೋಗಿ ಆರಿಸಿ ತಂದರು. ಲ್ಯಾಬ್‌ನವನಿಗೆ ತಾಯಿಯ ಎಕ್ಸ್‌ರೇ ಕೇಳಿದೆ, ಆಮೇಲೆ ಅವನ ಫೋನೇ ಇಲ್ಲ. ಭಾನುವಾರ ಎಲ್ಲರೂ ಮೈಸೂರಿಗೆ ಹೋಗಿದ್ದೆವು. ಮಗಳಿಗಿಂತ ಮೊದಲು ಆ ನಾಯಿ ಅಪ್ಪನ ಹತ್ತಿರ ಹೋಗಿ ಅವರ ಪಂಚೆ ಮೂಸಿತು. ಅಪ್ಪ ಏನೂ ಮಾತಾಡಲಿಲ್ಲ, ಬರುವಾಗ ಕಾರಿನಲ್ಲಿ "ಆ ಮಡಚಿದ ಕಿವಿ ಸರಿ ಮಾಡಕ್ಕಾಗುತ್ತಾ" ಅಂತ ಕೇಳಿದರು. ಬರುವ ಶನಿವಾರ ಕರೆದುಕೊಂಡು ಬರುತ್ತೇವೆ. ಒಂದು ಡೌಟು, ಕಾರು ಅಭ್ಯಾಸ ಇಲ್ಲವಂತೆ, ಆನೆಕಾಡು ತಿರುವುಗಳಲ್ಲಿ ವಾಂತಿ ಮಾಡಿದರೆ ಏನು ಮಾಡೋದು?

ಗೋಣಿಕೊಪ್ಪ ಹುಡುಗ

ಬೆಳಿಗ್ಗೆ ಊಟ ಹಾಕಬೇಡಿ ಅಂತ ಶೆಲ್ಟರಿನವರಿಗೆ ಹೇಳಿ, ನೀರು ಸಾಕು. ಹಳೇ ಬೆಡ್‌ಶೀಟ್ ಎರಡು ಇಟ್ಟುಕೊಳ್ಳಿ. ಹಿಂದಿನ ಸೀಟಲ್ಲಿ ಅಪ್ಪನನ್ನೇ ಕೂರಿಸಿ 😄