ಅಜ್ಜಿಯ ಬಗ್ಗೆ ಐದು ನಿಮಿಷದಲ್ಲಿ ಏನು ಹೇಳುವುದು?

ಮಲ್ಪೆ ಹುಡುಗಿ:
ನಮ್ಮ ಅಜ್ಜಿ ಉಡುಪಿಯ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಹೋದ ತಿಂಗಳು ತೀರಿಕೊಂಡರು. ಭಾನುವಾರ ಚರ್ಚಿನಲ್ಲಿ ಅವರ ನೆನಪಿನ ಪ್ರಾರ್ಥನೆ ಇದೆ, ಮೊಮ್ಮಕ್ಕಳ ಪರವಾಗಿ ನಾನೇ ಮಾತಾಡಬೇಕಂತೆ. ದೈವಭಕ್ತೆ, ಸೇವಾಮಯಿ ಅಂತೆಲ್ಲ ಹೇಳಿದರೆ ಯಾರ ಅಜ್ಜಿಗೂ ಹೊಂದುತ್ತದೆ, ಅಲ್ವಾ?

ಕಂಕನಾಡಿಯವ:
ಆಸ್ಪತ್ರೆ ಬಗ್ಗೆ ಒಂದು ಮಾತು ಇರಲಿ. ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಶುರು ಮಾಡಿದ್ದು ಅದು. ಇತಿಹಾಸ ಅಷ್ಟು ಸಾಕು. ಮನೆಯಲ್ಲಿ ಅಜ್ಜಿ ಹೇಗಿದ್ದರು?

ಮಲ್ಪೆ ಹುಡುಗಿ:
ಮನೆಯಲ್ಲೂ ನರ್ಸೇ ಮಾರಾಯ್ರೆ! ಕೈಗೆ ಯಾವಾಗಲೂ ಡೆಟಾಲ್ ವಾಸನೆ. ನಮಗೆ ಜ್ವರ ಬಂದರೆ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ನಾಡಿ ಎಣಿಸುತ್ತಿದ್ದರು, ಎಣಿಸಿ ಮುಗಿದರೂ ಕೈ ಬಿಡುತ್ತಿರಲಿಲ್ಲ, ಹಾಗೇ ಕಣ್ಣು ಮುಚ್ಚಿ ತುಳುವಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಆಮೇಲೆ ಗಂಜಿ, ಉಪ್ಪಿನಕಾಯಿ. ಮಾತ್ರೆ ತಪ್ಪಿಸಿದ್ದು ಗೊತ್ತಾದರೆ ಮಾತ್ರ ಸರಿಯಾಗಿ ಬೈಗುಳ.

ಕುಂದಾಪುರದ ಅಕ್ಕ:
ಇದನ್ನೇ ಹೇಳು ತಂಗಿ, ಬೈದದ್ದನ್ನೂ ಸೇರಿಸು. ತೀರಿಹೋದವರನ್ನು ಸುಮ್ನೆ ಸಂತರನ್ನಾಗಿ ಮಾಡುವುದು ನನಗೆ ಹಿಡಿಸುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಇವತ್ತೇ ಫೋನ್ ಮಾಡು, ನೈಟ್ ಡ್ಯೂಟಿಯ ಕಥೆಗಳು ಮನೆಯವರಿಗೆ ಜಾಸ್ತಿ ಗೊತ್ತಿರುವುದಿಲ್ಲ. ಬೈಬಲಿನಲ್ಲಿ ಅಜ್ಜಿಗೆ ಇಷ್ಟದ ಕೀರ್ತನೆ ಯಾವುದು? ಅದನ್ನೂ ಓದು.

ಮಲ್ಪೆ ಹುಡುಗಿ:
121ನೇ ಕೀರ್ತನೆ ಅಕ್ಕ. ಅಜ್ಜಿಯ ಜೊತೆಯವರೊಬ್ಬರು ಬ್ರಹ್ಮಾವರದಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ. ಫೋನ್ ಬೇಡ, ನಾಳೆ ಹೋಗಿಯೇ ಬರುತ್ತೇನೆ.