ಸಹಾಯ ಬೇಕು: ಅಮ್ಮನ ಹಲ್ಲಿನ ಕ್ಯಾಪ್ ಪಕ್ಕ ಊಟ ಸಿಕ್ಕಿಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 62 ವರ್ಷ. ಹೋದ ತಿಂಗಳು ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಜಿರ್ಕೋನಿಯಾ (ಪಿಂಗಾಣಿಯಂಥ ಗಟ್ಟಿ ಬಿಳಿ ವಸ್ತು) ಕ್ಯಾಪ್ ಹಾಕಿಸಿದೆವು. ನೋವಿಲ್ಲ, ಕಚ್ಚುವಾಗ ಎತ್ತರ ಅನ್ನಿಸುವುದೂ ಇಲ್ಲ. ಆದರೆ ಕ್ಯಾಪ್‌ಗೂ ಪಕ್ಕದ ಹಲ್ಲಿಗೂ ನಡುವೆ ಪ್ರತಿ ಊಟದಲ್ಲೂ ಏನಾದರೂ ಸಿಕ್ಕಿಕೊಳ್ಳುತ್ತದೆ. ಸೊಪ್ಪಿನ ನಾರು, ತೆಂಗಿನತುರಿಯಂತೂ ಜಾಸ್ತಿ. ಅಮ್ಮ ಸೇಫ್ಟಿ ಪಿನ್ನಿನಿಂದ ಕೆದಕುತ್ತಾರೆ, ಬೇಡ ಅಂದರೂ ಕೇಳುವುದಿಲ್ಲ. ಈಗ ಅಲ್ಲಿ ಒಸಡು ಕೆಂಪಾಗಿದೆ, ಉಜ್ಜುವಾಗ ರಕ್ತ ಬರುತ್ತಿದೆ.

ಕ್ಯಾಪ್ ಹುಳುಕಾಗುವುದಿಲ್ಲ, ನಿಜ. ಆದರೆ ಅದರ ಅಂಚಿನಲ್ಲಿ ಕೊಳೆ ನಿಂತರೆ ಒಳಗಿರುವ ಸ್ವಂತ ಹಲ್ಲು ಹುಳುಕಾಗಬಹುದು ಅಲ್ವಾ? ನರ ತೆಗೆದಿರುವುದರಿಂದ ನೋವೂ ಬೇಗ ಗೊತ್ತಾಗುವುದಿಲ್ಲ. ನನಗೆ ಅದೇ ಭಯ.

ಶನಿವಾರ ಡಾಕ್ಟರ್‌ಗೆ ಮತ್ತೆ ತೋರಿಸುತ್ತೇವೆ. ಅಷ್ಟರಲ್ಲಿ ಅನುಭವ ಇರುವವರು ದಯವಿಟ್ಟು ಹೇಳಿ. ಕೀಲುನೋವಿನಿಂದ ಅಮ್ಮನ ಬೆರಳು ಸರಿಯಾಗಿ ಬಗ್ಗುವುದಿಲ್ಲ, ಫ್ಲಾಸ್ ದಾರ ಸುತ್ತಿಕೊಳ್ಳಲು ಆಗುವುದಿಲ್ಲ. ಹಿಡಿ ಇರುವ ಫ್ಲಾಸ್, ಸಂದಿಗೆ ಹಾಕುವ ಪುಟ್ಟ ಬ್ರಶ್, ನೀರು ಚಿಮ್ಮಿಸುವ ಮೆಷಿನ್, ಇವುಗಳಲ್ಲಿ ನಿಮ್ಮ ಮನೆಯ ಹಿರಿಯರಿಗೆ ಯಾವುದು ಸುಲಭವಾಯಿತು? ಹೀಗೆ ಸಂದಿ ಬಿಟ್ಟಿದ್ದಕ್ಕೆ ಕ್ಯಾಪ್ ತೆಗೆಸಿ ಹೊಸದು ಮಾಡಿಸಿದವರು ಯಾರಾದರೂ ಇದ್ದೀರಾ?