ಗ್ರಂಥಾಲಯ ವಿಜ್ಞಾನ ವಿಭಾಗಕ್ಕೆ ಮೊದಲು ಬೇಕಾದದ್ದು ಹೊಸ ಕೋರ್ಸೋ, ಅಧ್ಯಾಪಕರೋ?

ಕುಮಟಾದ ಗ್ರಂಥಪಾಲಕಿ:
ನಾನು ಎಂ.ಲಿಬ್ ಓದಿದ ವಿಭಾಗ ಮುಂದಿನ ಐದು ವರ್ಷಗಳ ಯೋಜನೆ ಸಿದ್ಧಪಡಿಸುತ್ತಿದೆ. ಹಳೆಯ ವಿದ್ಯಾರ್ಥಿಗಳ ಸಲಹೆಯನ್ನೂ ಕೇಳಿದ್ದಾರೆ. ಕರಡು ಓದಿದೆ. ಡೇಟಾ ವಿಜ್ಞಾನದ ಡಿಪ್ಲೊಮಾ, ಡಿಜಿಟಲ್ ಸಂಗ್ರಹದ ಸರ್ಟಿಫಿಕೇಟ್ ಕೋರ್ಸ್, ಸೀಟುಗಳ ಹೆಚ್ಚಳ, ಎಲ್ಲವೂ ಇವೆ. ಪಾಠ ಮಾಡುವವರು ಯಾರು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ನಾವು ಓದುವಾಗ ಐವರು ಕಾಯಂ ಅಧ್ಯಾಪಕರಿದ್ದರು. ಈಗ ಇಬ್ಬರು. ಉಳಿದ ಭಾರವೆಲ್ಲ ಅತಿಥಿ ಉಪನ್ಯಾಸಕರ ಹೆಗಲ ಮೇಲೆ.

ಕಳೆದ ಜುಲೈನಲ್ಲಿ ಅಲ್ಲಿಂದ ಒಬ್ಬ ಹುಡುಗಿ ತರಬೇತಿಗೆ ನನ್ನ ಬಳಿ ಬಂದಿದ್ದಳು. ಗ್ರಂಥಾಲಯದ ಪುಸ್ತಕಗಳ ದಾಖಲೆ ಇಡುವ ಕೋಹಾ ತಂತ್ರಾಂಶದ ಭಾಗಗಳನ್ನು ಬಾಯಿಪಾಠ ಹೇಳಿದಳು, ಆದರೆ ಅದರಲ್ಲಿ ಒಂದು ಪುಸ್ತಕವನ್ನೂ ದಾಖಲಿಸಿರಲಿಲ್ಲ. ಕೋಹಾ ಉಚಿತವಾಗಿ ಸಿಗುತ್ತದೆ, ಕಲಿಸುವ ಕೈಯೇ ಇಲ್ಲ. ನಮ್ಮ ಕರಾವಳಿಯ ಮಳೆಗೆ ಬೂಷ್ಟು ಹಿಡಿದ ಹಳೆಯ ಯಕ್ಷಗಾನ ಪ್ರಸಂಗದ ಪುಸ್ತಕವೊಂದನ್ನು ಕೊಟ್ಟರೆ ಒದ್ದೆ ಬಟ್ಟೆಯಿಂದ ಒರೆಸಲು ಹೊರಟಳು. ಕೈ ಹಿಡಿದು ತಡೆದೆ. ಮಾಸ್ಕ್ ಹಾಕಿಸಿ, ಜಗಲಿಗೆ ಕರೆದೊಯ್ದು, ಒಣ ಮೆತ್ತನೆಯ ಬ್ರಷ್ಷಿನಿಂದ ಹೊಲಿಗೆಯ ಕಡೆಯಿಂದ ಅಂಚಿನ ಕಡೆಗೆ ಒಂದೊಂದೇ ಹಾಳೆ ಸವರುವುದನ್ನು ತೋರಿಸಿದೆ. ಅವಳ ತಪ್ಪಿಲ್ಲ. ಆ ಪ್ರಾಯೋಗಿಕ ತರಗತಿ ಅವಳಿಗೆ ನಡೆದೇ ಇರಲಿಲ್ಲ.

ಹೊಸ ಕೋರ್ಸ್ ಈಗ ಬೇಡ ಎಂದು ಬರೆದರೆ ವಿಭಾಗದ ಬೆಳವಣಿಗೆಗೆ ಅಡ್ಡಗಾಲು ಹಾಕಿದಂತಾಗುತ್ತದೆಯೇ?

ಶಿರಸಿಯ ನಿವೃತ್ತ ಅಧ್ಯಾಪಕ:
ಖಂಡಿತ ಇಲ್ಲ. ಆದರೆ ನೋವನ್ನಷ್ಟೇ ಬರೆಯಬೇಡಿ ಮೇಡಂ, ಲೆಕ್ಕ ಬರೆಯಿರಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ವಾರಕ್ಕೆ ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. ವಿಭಾಗದ ವೇಳಾಪಟ್ಟಿ ತರಿಸಿ, ಪ್ರಾಯೋಗಿಕ ತರಗತಿಗಳನ್ನೂ ಸೇರಿಸಿ ಗಂಟೆ ಕೂಡಿಸಿ. ಎಷ್ಟು ಜನ ಬೇಕೆಂಬುದು ತಾನಾಗಿ ಹೊರಬೀಳುತ್ತದೆ.

ಆ ಇಬ್ಬರ ನಿವೃತ್ತಿ ಯಾವಾಗ ಎಂಬುದನ್ನೂ ಕೇಳಿಕೊಳ್ಳಿ. ಪಿಎಚ್.ಡಿ.ಗೆ ಪ್ರಾಧ್ಯಾಪಕರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. 2022ರ ನಿಯಮದಂತೆ ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಕುರ್ಚಿ ಖಾಲಿಯಾಗುವ ಎಷ್ಟೋ ಮೊದಲೇ ಸಂಶೋಧನೆ ಬತ್ತಿರುತ್ತದೆ. ನಮ್ಮ ಕಾಲದಲ್ಲಿ ಇದನ್ನು ಯಾರೂ ಮುಂಚೆ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಆ ಕೊರಗು ಈಗಲೂ ಇದೆ.

ಕಾರವಾರದ ಅತಿಥಿ ಉಪನ್ಯಾಸಕ:
ಸರ್ ಹೇಳಿದ ಲೆಕ್ಕ ಸರಿ, ಆದರೆ ಅದಕ್ಕೆ ಇನ್ನೊಂದು ಮಗ್ಗುಲಿದೆ. ಸೀಟು ತುಂಬದಿದ್ದರೆ ಕಾರ್ಯಭಾರ, ಅಂದರೆ ಪಾಠದ ಒಟ್ಟು ಗಂಟೆಗಳು, ಇಳಿಯುತ್ತದೆ, ಕಾರ್ಯಭಾರ ಇಳಿದರೆ ಹುದ್ದೆ ಕೇಳುವ ಆಧಾರವೇ ಹೋಗುತ್ತದೆ. ಹಾಗಾಗಿ ಎಲ್ಲ ಕೋರ್ಸುಗಳನ್ನೂ ಬೇಡವೆನ್ನಬೇಡಿ, ಒಂದನ್ನು ಉಳಿಸಿಕೊಳ್ಳಿ.

ನಮ್ಮಂಥವರ ಬಗ್ಗೆಯೂ ಎರಡು ಸಾಲು ಬರೆಯಿರಿ ಮೇಡಂ. ತರಗತಿ ಶುರುವಾಗಿ ಎಷ್ಟೋ ದಿನಗಳಾದ ಮೇಲೆ ಆದೇಶ ಬರುತ್ತದೆ, ಪರೀಕ್ಷೆ ಮುಗಿದೊಡನೆ ನಾವೂ ಮುಗಿದೆವು. ಮುಂದಿನ ವರ್ಷ ಅಲ್ಲಿರುತ್ತೇನೋ ಇಲ್ಲವೋ ತಿಳಿಯದವನು ಪ್ರಯೋಗಾಲಯ ಕಟ್ಟುವುದು ಹೇಗೆ?

ಸಿದ್ದಾಪುರದಿಂದ:
ನಾನು ಅಡಿಕೆ ಬೆಳೆಗಾರ, ನಿಮ್ಮ ಕ್ಷೇತ್ರದವನಲ್ಲ. ನಮ್ಮ ಮನೆಯ ಮೆತ್ತಿಯ ಮೇಲೆ ಅಜ್ಜನ ಕಾಲದ ತಾಳೆಗರಿ ಕಟ್ಟುಗಳಿವೆ. ಒಂದರ ದಾರ ಹರಿದಿದೆ, ಗರಿಗಳು ಒಂದಕ್ಕೊಂದು ಅಂಟಿವೆ. ಲಿಂಬೆಹುಲ್ಲಿನ ಎಣ್ಣೆ ಸವರಿ ಎಂದು ಒಬ್ಬರು ಹೇಳಿದರು. ಸವರಲು ಧೈರ್ಯವಿಲ್ಲ. ಇಂಥದ್ದನ್ನು ಕಲಿಸುವ ಕೋರ್ಸ್ ಮಾಡಿದರೆ ನನ್ನ ಮಗಳನ್ನು ಕಳಿಸುತ್ತೇನೆ.

ಕುಮಟಾದ ಗ್ರಂಥಪಾಲಕಿ:
ಎಲ್ಲರಿಗೂ ಕೃತಜ್ಞತೆಗಳು. ಸೋಮವಾರವೇ ವೇಳಾಪಟ್ಟಿ ಕೇಳುತ್ತೇನೆ. ಮೊದಲು ಹುದ್ದೆಗಳ ಲೆಕ್ಕ, ಆಮೇಲೆ ಅತಿಥಿ ಉಪನ್ಯಾಸಕರಿಗೆ ಹನ್ನೆರಡು ತಿಂಗಳ ಆದೇಶ. ಕೋರ್ಸ್ ಒಂದೇ: ಹಳೆಯ ಬರಹಗಳ ಸಂರಕ್ಷಣೆ. ಸಿದ್ದಾಪುರದವರೇ, ಎಣ್ಣೆ ಸವರಬೇಡಿ, ಅಂಟಿದ ಗರಿಗಳನ್ನು ಎಳೆದು ಬಿಡಿಸಲೂಬೇಡಿ. ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಅಡುಗೆಮನೆಯ ಹೊಗೆ ತಾಕದ ಒಣ ಜಾಗದಲ್ಲಿಡಿ. ಮಳೆ ಬಿಟ್ಟ ಮೇಲೆ ಬಲ್ಲವರೊಬ್ಬರನ್ನು ಕರೆದುಕೊಂಡು ನಾನೇ ಬರುತ್ತೇನೆ.